ಆ ಬೆಂಚಿನ ಮೇಲೆ ಕೂತಿದ್ದವರಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ ನಾನು. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕಥೆ ಪುಸ್ತಕ ಹಿಡಿದು ಕೂತಿದ್ದಿರಿ. ನಾನು 200 ಎಂಎಂ ಲೆನ್ಸ್ ಹಾಕಿಕೊಂಡು ದೂರದಿಂದ ಮುಖಗಳನ್ನು ಕದಿಯುತ್ತಿದ್ದೆ. ಕದಿಯುವುದೇ ಅದು, ಬೇರೆ ಪದ ಇಲ್ಲ. ನನ್ನ ಕ್ಯಾಮೆರಾದ ಪರದೆ ಇಣುಕಿ ನೋಡಿ ಮೆಲ್ಲಗೆ ಕೇಳಿದಿರಿ: "ಎಲ್ಲಾ ಬರೀ ಮುಖಗಳೇ ಅಲ್ವಾ?"

ಆಮೇಲೆ ಎದುರಿಗಿದ್ದ ಅಜ್ಜನ ಕೈ ತೋರಿಸಿದಿರಿ. ಟಿಕೆಟ್ಟನ್ನು ನಾಲ್ಕಾಗಿ ಮಡಿಚಿ, ಬಿಚ್ಚಿ, ಮತ್ತೆ ಮಡಿಚುತ್ತಿದ್ದರು. ಪಕ್ಕದಲ್ಲಿ ಚೀಲ ಇಟ್ಟು ಯಾರಿಗೋ ಜಾಗ ಹಿಡಿದಿದ್ದರು. ಯಾರೂ ಬರಲಿಲ್ಲ. "ಕಥೆ ಬರೆಯೋರು ದುಃಖ ಅಂತ ಬರೆಯಲ್ಲ, ಇದನ್ನ ಬರೀತಾರೆ" ಅಂದಿರಿ. ಅಷ್ಟರಲ್ಲಿ ನಿಮ್ಮ ರೈಲು ಬಂತು.

ಈಗ ನನ್ನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸ್ ಇದೆ. ಇದು ದೂರದ್ದನ್ನು ಹತ್ತಿರ ಎಳೆದು ತೋರಿಸಲ್ಲ; ಹತ್ತಿರ ಹೋಗಲೇಬೇಕು, ಹೋದರೆ ಮಾತಾಡಲೇಬೇಕು. ಬೆಳಕು ಒಳಗೆ ಬಿಡುವ ಲೆನ್ಸಿನ ಕಿಂಡಿಯನ್ನು ಎಫ್/8ರಷ್ಟು ಕಿರಿದಾಗಿ ಇಟ್ಟು ಫೋಕಸ್ಸನ್ನು 3 ಮೀಟರಿಗೆ ನಿಲ್ಲಿಸಿಬಿಟ್ಟರೆ, ಸುಮಾರು 2ರಿಂದ 7 ಮೀಟರ್‌ವರೆಗೆ ಎಲ್ಲ ಸ್ಪಷ್ಟವಾಗಿ ಬರುತ್ತದೆ. ಕಣ್ಣಿಗೆ ಕೈಗಳನ್ನು ನೋಡಲು ಪುರುಸೊತ್ತು ಸಿಗುತ್ತದೆ.

ಆ ಅಜ್ಜನ ಫೋಟೋ ಮಾತ್ರ ತೆಗೆಯಲಿಲ್ಲ. ಕೇಳುವ ಧೈರ್ಯ ಅವತ್ತು ಇರಲಿಲ್ಲ. ತಡವಾಯಿತು, ಆದರೂ ತುಂಬಾ ಥ್ಯಾಂಕ್ಸ್ ಕಣ್ರೀ.