ಎನ್‌ಎಫ್‌-2: ಮುಂದೇನಾಗಬಹುದು ಎಂದು ಹೇಳುವ ಗುರುತುಗಳು

ಸದಸ್ಯರ ಗಮನಕ್ಕೆ. ಎನ್‌ಎಫ್‌-2 (ನರಗಳ ಮೇಲೆ ಗಡ್ಡೆ ಬೆಳೆಯುವ ಜೀನ್ ಕಾಯಿಲೆ) ಇರುವವರ ಫೈಲಿನಲ್ಲಿ ಎಲ್ಲರೂ ಮೊದಲು ಹುಡುಕುವುದು ಕಿವಿಯ ನರದ ಗಡ್ಡೆ ಎಷ್ಟು ಮಿಲಿಮೀಟರ್ ಎಂದು. ಅದಕ್ಕಿಂತ ಹೆಚ್ಚು ತಿಳಿಸುವುದು ಮೊದಲ ಲಕ್ಷಣ ಬಂದ ವಯಸ್ಸು. ಬೇಗ ಶುರುವಾದಷ್ಟೂ ಕಾಯಿಲೆ ಸಾಮಾನ್ಯವಾಗಿ ಜೋರು. ಜೊತೆಗೆ ತಲೆಯೊಳಗೆ ಮೆನಿಂಜಿಯೋಮಾ (ಮೆದುಳಿನ ಹೊದಿಕೆಯ ಗಡ್ಡೆ) ಇದ್ದರೆ ಜೀವಾಪಾಯ ಹೆಚ್ಚು.

ಮಕ್ಕಳಲ್ಲಿ ಕಿವುಡೇ ಮೊದಲು ಬರಬೇಕೆಂದಿಲ್ಲ. ಕಣ್ಣಿನ ಮಸೂರದ ಹಿಂಬದಿಯ ಪೊರೆ, ನಡೆಯುವಾಗ ಪಾದದ ಮುಂಭಾಗ ಮೇಲೇಳದೆ ನೆಲಕ್ಕೆ ಉಜ್ಜುವುದು, ಚರ್ಮದ ಮೇಲೆ ತುಸು ಉಬ್ಬಿದ, ಒರಟಾದ ಮಚ್ಚೆ: ಇವು ವರ್ಷಗಟ್ಟಲೆ ಮುಂಚೆಯೇ ಕಾಣಬಹುದು. ಮುಖ ಒಂದು ಪಕ್ಕಕ್ಕೆ ಸೊಟ್ಟಗಾಗಿ ಪೂರ್ತಿ ಸರಿಹೋಗದಿದ್ದರೆ ದಯವಿಟ್ಟು 'ಬೆಲ್ಸ್ ಪಾಲ್ಸಿ' (ಕಾರಣ ತಿಳಿಯದ ಮುಖದ ನರದ ದೌರ್ಬಲ್ಯ) ಎಂದು ಬರೆದು ಸುಮ್ಮನಾಗಬೇಡಿ.

ಜೀನ್ ವರದಿಯಲ್ಲಿ ಪ್ರೋಟೀನನ್ನು ಅರ್ಧಕ್ಕೇ ತುಂಡರಿಸುವ ಬದಲಾವಣೆ ಇದ್ದರೆ ತೀವ್ರತೆ ಹೆಚ್ಚು; ಮಿಸ್‌ಸೆನ್ಸ್ (ಪ್ರೋಟೀನಿನ ಒಂದು ಘಟಕ ಮಾತ್ರ ಬದಲಾಗುವುದು) ಇದ್ದರೆ ಸಾಮಾನ್ಯವಾಗಿ ಸೌಮ್ಯ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲದವರಲ್ಲಿ ಅನೇಕರು ಮೊಸಾಯಿಕ್, ಅಂದರೆ ದೇಹದ ಕೆಲವು ಜೀವಕೋಶಗಳಲ್ಲಿ ಮಾತ್ರ ಬದಲಾವಣೆ ಇರುವವರು. ಅಂಥವರ ರಕ್ತದಲ್ಲಿ ಏನೂ ಸಿಗದಿರಬಹುದು. ಆಗ ಎರಡು ಬೇರೆ ಬೇರೆ ಗಡ್ಡೆಗಳ ತುಣುಕನ್ನು ಪರೀಕ್ಷಿಸಿ, ಎರಡರಲ್ಲೂ ಒಂದೇ ಬದಲಾವಣೆ ಇದೆಯೇ ನೋಡಬೇಕು.

ಎಂಆರ್‌ಐ ಮಾಡಿಸುವಾಗ ಬೆನ್ನುಹುರಿಯನ್ನೂ ಸೇರಿಸಿ. ಶ್ರವಣ ಪರೀಕ್ಷೆಯಲ್ಲಿ ಬರೀ ಶಬ್ದ ಕೇಳುತ್ತದೆಯೇ ಎಂದಲ್ಲ, ಮಾತು ಅರ್ಥವಾಗುತ್ತದೆಯೇ ಎಂದೂ ಅಳೆಸಿ. ಎಷ್ಟೋ ಸಲ ಮೊದಲು ಕುಸಿಯುವುದು ಅದೇ.