ಸೊಹ್ರಾಬನ ಹೆಸರನ್ನೇ ಕತ್ತರಿಸಿದ್ದೀರಲ್ಲ!

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಇರಾನಿನ ಆಧುನಿಕ ಚಿತ್ರಕಲೆಯ ಬಗ್ಗೆ ಬಂದ ಲೇಖನ ಓದಿದೆ. ವಿಷಯ ಒಳ್ಳೆಯದೇ. ಆದರೆ ‘ನಿರಚನೆ’ (ಡಿಕನ್‌ಸ್ಟ್ರಕ್ಷನ್, ಕೃತಿಯ ಮಾತನ್ನೇ ಹಿಡಿದು ಓದಿ ಅದರೊಳಗಿನ ಬಿರುಕು ತೋರಿಸುವುದು) ಅಂದರೆ ಕಥೆಯನ್ನು ಒಡೆದು ಬಿಸಾಡುವುದು ಅನ್ನುವ ಹಾಗೆ ಬರೆದಿದ್ದಾರೆ, ಅದು ಯಾಕೋ ಸರಿ ಕಾಣಲಿಲ್ಲ.

ಜೊತೆಗೆ ಪರ್ಷಿಯನ್ ಮಹಾಕಾವ್ಯ ಶಾಹನಾಮೆಯ ವೀರ ರುಸ್ತುಂ, ಗುರುತು ಸಿಗದೆ ತನ್ನ ಮಗ ಸೊಹ್ರಾಬನನ್ನು ಕೊಂದ ದೃಶ್ಯದ ಕಾಫಿಖಾನೆ ಚಿತ್ರ (ಅಲ್ಲಿನ ಕಾಫಿಖಾನೆಗಳಲ್ಲಿ ಕಥೆ ಹೇಳಲು ತೂಗುಹಾಕುತ್ತಿದ್ದ ಬಗೆಯದು) ಹಾಕಿದ್ದೀರಿ. (ಹೆಸರಿಗೆ ಕಾಫಿಖಾನೆ, ಅಲ್ಲಿ ಕುಡಿಯುತ್ತಿದ್ದದ್ದು ಜಾಸ್ತಿ ಚಹಾ!) ಈ ಬಗೆಯ ಚಿತ್ರಗಳಲ್ಲಿ ಪಾತ್ರದ ಪಕ್ಕ ಹೆಸರು ಬರೆಯುವ ರೂಢಿ ಇದೆ. ನಿಮ್ಮ ಅಚ್ಚಿನಲ್ಲಿ ಅಂಚು ಕತ್ತರಿಸಿ ಸೊಹ್ರಾಬನ ಹೆಸರು ಅರ್ಧ ಹೋಗಿದೆ. ನಿರಚನೆ ಶುರುವಾಗುವುದೇ ಆ ಹೆಸರಿನಿಂದ ಅಲ್ವಾ? ಚಿತ್ರವೇ ಕಥೆ ಹೇಳುತ್ತದೆ ಅಂದಮೇಲೆ ಹೆಸರು ಯಾಕೆ ಬೇಕಾಯಿತು, ಎದುರು ನಿಂತು ಕೋಲು ತೋರಿಸಿ ಕಥೆ ಹೇಳುವ ನಕ್ಕಾಲ ಯಾಕೆ ಬೇಕಾದ? ಇನ್ನು ಆ ತೋಳಬಂದಿ. ಮಗನ ಗುರುತಿಗೆಂದು ರುಸ್ತುಂ ಕೊಟ್ಟದ್ದು ಅದು, ಕಣ್ಣಿಗೆ ಬೀಳುವುದು ಇರಿದ ಮೇಲೆ. ಗುರುತು ಇತ್ತು, ಅರ್ಥ ತಡವಾಗಿ ಬಂತು. ನಿರಚನೆಯ ಮಾತು ತಂದ ಫ್ರೆಂಚ್ ಚಿಂತಕ ಡೆರಿಡಾ ತಲೆಕೆಡಿಸಿಕೊಂಡದ್ದೂ ಹೆಚ್ಚುಕಡಿಮೆ ಇದಕ್ಕೇ.

ಉಡುಪಿಯವರಿಗೆ ಇದೇನು ಹೊಸತೇ? ಬಭ್ರುವಾಹನ ಕಾಳಗದಲ್ಲಿ ಮಗ ಮೊದಲೇ ಬಂದು ನಾನು ನಿನ್ನ ಮಗ ಅನ್ನುತ್ತಾನೆ, ಅರ್ಜುನ ಒಪ್ಪುವುದಿಲ್ಲ. ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿ ಅರ್ಜುನನದ್ದೇ ಸರಿ ಅಂತ ವಾದ ಕಟ್ಟಿದರೆ, ಎದುರಿನವರು ಅದೇ ಮಾತು ಹಿಡಿದು ಅದನ್ನು ಕೆಡವುತ್ತಾರೆ. ಆದರೆ ಭಾಗವತರು ಹಾಡಿದ ಪದ್ಯ ಬಿಟ್ಟು ಹೋಗುವ ಹಾಗಿಲ್ಲ. ಸುಮ್ನೆ ಬಾಯಿಗೆ ಬಂದದ್ದು ಹೇಳಿದರೆ ಮುಂದೆ ಕೂತ ಅಜ್ಜಂದಿರು ಬಿಡುತ್ತಾರಾ? ನಿರಚನೆಯೂ ಹಾಗೆಯೇ, ಬಿಸಾಡುವುದಲ್ಲ.

1960ರ ದಶಕದ ಸಕ್ಕಾಖಾನೆ ಕಲಾವಿದರು (ಜನಪದ, ಧಾರ್ಮಿಕ ಚಿಹ್ನೆಗಳನ್ನು ಆಧುನಿಕ ಚಿತ್ರಕ್ಕೆ ತಂದ ಇರಾನಿನ ಬಳಗ) ಬಂದ ಮೇಲೆ ಕಥೆಯೇ ಮುಗಿಯಿತು ಎಂದೂ ಬರೆದಿದ್ದಾರೆ. ಅವರಲ್ಲೊಬ್ಬನಾದ ಹುಸೇನ್ ಝೆಂದೆರೂದಿಯ 1962ರ ಒಂದು ಚಿತ್ರ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ತುಂಬ ಅಕ್ಷರ, ಅಂಕಿ, ಓದಲು ಹೋದರೆ ಕೈಗೆ ಸಿಗದು. ಹೆಸರು ನೋಡಿ: ‘ಕೆ+ಎಲ್+32+ಎಚ್+4’, ಅದರ ಬೆನ್ನಿಗೇ ‘ನನ್ನಪ್ಪ ಮತ್ತು ನಾನು’! ಮತ್ತೆ ಅಪ್ಪ-ಮಗನೇ. ಕಥೆ ಎಲ್ಲಿ ಹೋಯಿತು ಸ್ವಾಮಿ, ಚಿತ್ರದಿಂದ ಜಾರಿ ಹೆಸರಿನಲ್ಲಿ ಕೂತಿದೆ. ಬರಹದ ಬಗ್ಗೆ ಡೆರಿಡಾ ಬರೆದ ದೊಡ್ಡ ಪುಸ್ತಕ ಬಂದದ್ದು 1967ರಲ್ಲಿ, ಹಾಗಾಗಿ ಅದನ್ನು ಓದಿ ಬಿಡಿಸಿದ ಚಿತ್ರ ಇದಂತೂ ಅಲ್ಲ.

ಮುಂದಿನ ಸಲ ಚಿತ್ರ ಅಂಚಿನವರೆಗೂ ಹಾಕಿ. ಜಾಗ ಸಾಲದಿದ್ದರೆ ಪಕ್ಕದ ಚಿನ್ನದಂಗಡಿ ಜಾಹೀರಾತು ಸ್ವಲ್ಪ ಸಣ್ಣದು ಮಾಡಿ.

– ಒಬ್ಬ ಓದುಗ, ಕಡಿಯಾಳಿ, ಉಡುಪಿ