ರೆಟಿನಾ ಕ್ಯಾಮೆರಾ ನಿಂತಿದೆ, ಮಕ್ಕಳು ಕಾಯುತ್ತಿದ್ದಾರೆ

ಆತ್ಮೀಯ ದಾನಿಗಳೇ,

ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಪರದೆಯ ಚಿತ್ರ ತೆಗೆಯುವ ನಮ್ಮ ಕಣ್ಣಾಸ್ಪತ್ರೆಯ ಕ್ಯಾಮೆರಾ ಹೋದ ತಿಂಗಳು ಕೈಕೊಟ್ಟಿತು. ಕಣ್ಣಿನಲ್ಲಿ ರಕ್ತ ಹರಿಯುವುದು ಚಿತ್ರದಲ್ಲಿ ಕಾಣಲೆಂದು ಒಬ್ಬ ಹುಡುಗನ ತೋಳಿನ ರಕ್ತನಾಳಕ್ಕೆ ಫ್ಲೋರೆಸೀನ್ ಎಂಬ ಬಣ್ಣ ಕೊಟ್ಟಾಗಿತ್ತು. ಅದು ಕಣ್ಣಿಗೆ ತಲುಪಲು ಬೇಕಾಗುವುದು ಹತ್ತು ಹದಿನೈದು ಸೆಕೆಂಡ್ ಅಷ್ಟೇ. ಆ ಹೊತ್ತಿಗೆ ಫ್ಲ್ಯಾಶ್ ಬೆಳಗಲಿಲ್ಲ. ಅಷ್ಟು ಧೈರ್ಯ ಮಾಡಿ ಸೂಜಿ ಚುಚ್ಚಿಸಿಕೊಂಡ ಮಗು, ಚಿತ್ರವಿಲ್ಲದೆ ಮನೆಗೆ ಹೋಯಿತು.

ಅವನ ಒಂದು ಕಣ್ಣಿನ ರಕ್ತನಾಳಗಳು ಹುಟ್ಟಿನಿಂದಲೇ ದಪ್ಪ, ಹಾವಿನಂತೆ ಸುತ್ತಿಕೊಂಡಿವೆ. ಸಾಮಾನ್ಯವಾಗಿ ರಕ್ತ ಹೃದಯದಿಂದ ತರುವ ಅಪಧಮನಿಯಿಂದ ಸಣ್ಣ ಸಣ್ಣ ಲೋಮನಾಳ ದಾಟಿ, ವಾಪಸ್ ಒಯ್ಯುವ ಅಭಿಧಮನಿಗೆ ಬರುತ್ತದೆ. ಇಂಥ ಕಣ್ಣಲ್ಲಿ ನಡುವಿನ ಆ ಜಾಲವೇ ಇಲ್ಲದೆ ನೇರವಾಗಿ ನುಗ್ಗಬಹುದು. ಬಣ್ಣ ಓಡುವ ವೇಗ ನೋಡಿದರೆ ಅದು ಗೊತ್ತಾಗುತ್ತದೆ. ಇಷ್ಟು ಯಾಕೆ ಹೇಳುತ್ತಿದ್ದೇವೆ ಅಂದರೆ, ಕೆಲವರಲ್ಲಿ ಮೆದುಳಿನಲ್ಲೂ ದವಡೆಯಲ್ಲೂ ಇದೇ ತೊಡಕು ಇರುತ್ತದೆ. 1943ರಲ್ಲಿ ವೈಬರ್ನ್ ಮೇಸನ್ ಎಂಬ ಬ್ರಿಟಿಷ್ ವೈದ್ಯರು ಕಣ್ಣು ಮತ್ತು ಮೆದುಳಿನ ಈ ನಂಟನ್ನು ವಿವರವಾಗಿ ಬರೆದರು. ದವಡೆಯಲ್ಲಿದ್ದರೆ ಒಂದು ಹಲ್ಲು ಕೀಳಿಸುವಾಗಲೂ ರಕ್ತ ನಿಲ್ಲದೆ ಜೀವಕ್ಕೆ ಕುತ್ತು ಬರಬಹುದು. ಕಣ್ಣಿನ ಚಿತ್ರ ಮೊದಲೇ ಎಚ್ಚರಿಸುತ್ತದೆ, ಅಲ್ವಾ?

ನಮ್ಮ ಟ್ರಸ್ಟ್ ನಡೆದು ಬಂದ ದಾರಿ ನಿಮಗೆ ಗೊತ್ತೇ ಇದೆ. ಆದರೂ ಒಂದು ಮಾತು ಹೇಳದೆ ಇರಲಾರೆವು. ಬೇರೆ ಕಡೆ ಆಪರೇಷನ್ ಬೇಕು ಅಂತ ಹೆದರಿಸಿಕೊಂಡು ಬಂದ ಒಬ್ಬ ಹುಡುಗಿಯ ಚಿತ್ರ ನಾವು ತೆಗೆದೆವು. ದೃಷ್ಟಿಯ ನಡುಭಾಗದಲ್ಲಿ ಒಂದು ದಪ್ಪ ಅಭಿಧಮನಿ ಹಾದುಹೋಗಿತ್ತು, ಅಷ್ಟೇ. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಏನೂ ಮಾಡಬೇಕಾಗಿರಲಿಲ್ಲ. ಮಗಳನ್ನು ಅಪ್ಪಿಕೊಂಡು ಆ ತಾಯಿ ಅತ್ತದ್ದು ನಮ್ಮ ಇಷ್ಟು ವರ್ಷದ ದುಡಿಮೆಗೆ ಸಿಕ್ಕ ಕೂಲಿ. ಇನ್ನೊಂದು ಮನೆಯಲ್ಲಿ ಮಗುವಿನ ರೆಟಿನಾದ ಅಂಚಿಗೆ ರಕ್ತನಾಳಗಳು ಬೆಳೆದೇ ಇರಲಿಲ್ಲ. ಇದು ಮನೆತನದಲ್ಲಿ ಬರುವಂಥದ್ದು. ಯಾವ ತೊಂದರೆಯೂ ಇಲ್ಲದ ತಂದೆಯ ಕಣ್ಣಿನ ಚಿತ್ರ ತೆಗೆದಾಗ ಅಲ್ಲೂ ಅದೇ ಕಂಡಿತು.

ಹಳೆ ಕ್ಯಾಮೆರಾಗೆ ಆ ಅಂಚು ಸಿಗುತ್ತಿದ್ದದ್ದೇ ಕಷ್ಟದಲ್ಲಿ. ಒಂದು ಸಲಕ್ಕೆ 50 ಡಿಗ್ರಿ ಮಾತ್ರ. ಕಣ್ಣು ಆ ಕಡೆ ಈ ಕಡೆ ತಿರುಗಿಸು ಅಂದರೆ ಪುಟ್ಟ ಮಕ್ಕಳು ಎಷ್ಟು ಹೊತ್ತು ಕೇಳುತ್ತಾರೆ? ನಾವು ಕೊಳ್ಳಬೇಕೆಂದಿರುವ ವೈಡ್ ಫೀಲ್ಡ್ ಕ್ಯಾಮೆರಾ ಒಂದೇ ಚಿತ್ರದಲ್ಲಿ 200 ಡಿಗ್ರಿಯಷ್ಟು ಹಿಡಿಯುತ್ತದೆ.

ಹಳೆಯದನ್ನು ರಿಪೇರಿ ಮಾಡಿಸೋಣ ಅಂದರೆ ಬಿಡಿಭಾಗ ಬರುತ್ತಿಲ್ಲ. ಹೊಸದಕ್ಕೆ ಅರ್ಧಕ್ಕಿಂತ ಜಾಸ್ತಿ ಹಣ ಸೇರಿದೆ, ಸುಮಾರು ಮೂರನೇ ಒಂದು ಭಾಗ ಬಾಕಿ. ಮಾರುವವರು ಈಗಿನ ದರವನ್ನು ಈ ತಿಂಗಳ ಕೊನೆಯವರೆಗೆ ಮಾತ್ರ ಹಿಡಿದಿಡುತ್ತಾರೆ. ನಿಮ್ಮ ಕೈಲಾದಷ್ಟು, ಚಿಕ್ಕದಾದರೂ ಸರಿ, ಅದರೊಳಗೆ ಕಳಿಸಿಕೊಡಿ. ಪೈಸೆ ಪೈಸೆಗೂ ರಸೀದಿ ಕೊಡುತ್ತೇವೆ.

ಆ ಹುಡುಗನಿಗೆ ಇನ್ನೂ ದಿನಾಂಕ ಕೊಟ್ಟಿಲ್ಲ. ಕಾಯುವವರ ಪುಸ್ತಕದಲ್ಲಿ ಮೊದಲ ಹೆಸರು ಅವನದೇ.

ಇಂತಿ ನಿಮ್ಮ,
ಟ್ರಸ್ಟಿಗಳು